ಜೀರ್ಣಾಂಗಗಳ ಕನ್ನಡ ಪರಿಭಾಷೆ: ಸ್ವರೂಪ ಮತ್ತು ಸಮಸ್ಯೆಗಳು

ಪಾರಿಭಾಷಿಕ ಪದಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪದಗಳನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆಯಿಂದ ಆರಂಭವಾಗಿ, ಸಂಸ್ಕೃತದಿಂದಲೋ ದೇಶ್ಯದಿಂದಲೋ ಇಂಗ್ಲಿಷಿನಿಂದಲೋ ಎಂಬ ವಾದದಲ್ಲಿ ಮುಗಿಯುತ್ತದೆ. ವೈದ್ಯಕೀಯ ಪದಗಳ ವಿಷಯದಲ್ಲಿ ಈ ವಾದವೊಂದೇ ಸಾಲದು. ಇಲ್ಲಿ ಪದವು ಪುಸ್ತಕದಲ್ಲಿ ಮಾತ್ರವಲ್ಲ, ರೋಗಿಯ ಬಾಯಲ್ಲಿಯೂ ವೈದ್ಯನ ಕಿವಿಯಲ್ಲಿಯೂ ಬಾಳಬೇಕು. ಒಂದೇ ಪದ ಇಬ್ಬರಿಗೂ ಒಂದೇ ಅಂಗವನ್ನು, ಒಂದೇ ತೊಂದರೆಯನ್ನು ಸೂಚಿಸದಿದ್ದರೆ ಚಿಕಿತ್ಸೆಯೇ ದಾರಿ ತಪ್ಪಬಹುದು. ಈ ದೃಷ್ಟಿಯಿಂದ ಜೀರ್ಣಾಂಗಗಳ ಪದವರ್ಗವು ಅಧ್ಯಯನಕ್ಕೆ ಬಹು ಅನುಕೂಲವಾದ ಕ್ಷೇತ್ರ. ಕನ್ನಡ ಪದಸಂಪತ್ತಿನ ಎಲ್ಲ ಪದರಗಳೂ ಇಲ್ಲಿ ಒಂದರ ಮೇಲೊಂದು ಕುಳಿತಿವೆ.

೧. ದೇಶ್ಯ ಪದರ

ಬಾಯಿ, ನಾಲಿಗೆ, ಹಲ್ಲು, ಗಂಟಲು, ಹೊಟ್ಟೆ, ಕರುಳು ಇವು ಜೀರ್ಣಮಾರ್ಗದ ಮೂಲ ಕನ್ನಡ ಪದಗಳು. ಹಲ್ಲುಗಳ ವಿಭಾಗದಲ್ಲಿ ದೇಶ್ಯದ ಶಕ್ತಿ ಚೆನ್ನಾಗಿ ಕಾಣುತ್ತದೆ. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂಬ ಜನರ ವಿಂಗಡಣೆಯನ್ನೇ ಪಠ್ಯಪುಸ್ತಕಗಳೂ ಸ್ವೀಕರಿಸಿದವು. ಆಕಾರವನ್ನೂ ಸ್ಥಾನವನ್ನೂ ನೋಡಿ ಜನ ಕೊಟ್ಟ ಹೆಸರು ಶಾಸ್ತ್ರದ ವಿಂಗಡಣೆಗೂ ಒಪ್ಪಿತು.

‘ಹೊಟ್ಟೆ’ಯ ಸ್ಥಿತಿ ಹಾಗಲ್ಲ. ಹಳಗನ್ನಡದ ಪೊಟ್ಟೆ, ತೆಲುಗಿನ ಪೊಟ್ಟ, ಮರಾಠಿಯ ಪೋಟ್ ಇವುಗಳ ಹೋಲಿಕೆ ಎದ್ದು ಕಾಣುವಂಥದು. ಕನ್ನಡದಲ್ಲಿ ಈ ಪದ ದೇಹದ ಹೊರಭಾಗವನ್ನೂ ಒಳಗಿನ ಅನ್ನದ ಚೀಲವನ್ನೂ ಸೂಚಿಸುತ್ತದೆ. ಗರ್ಭವನ್ನೂ ಹಸಿವನ್ನೂ ಜೀವನೋಪಾಯವನ್ನೂ ಸೂಚಿಸುತ್ತದೆ. ‘ಹೊಟ್ಟೆಯುರಿ’ ಎಂದರೆ ಮತ್ಸರ. ‘ಹೊಟ್ಟೆಪಾಡು’ ಎಂದರೆ ಬದುಕು. ಅರ್ಥದ ಇಂಥ ಹರಹು ಸಾಹಿತ್ಯಕ್ಕೆ ಸಂಪತ್ತು, ಶಾಸ್ತ್ರಕ್ಕೆ ತೊಡಕು.

‘ಕರುಳು’ ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. ಕನ್ನಡದಲ್ಲಿ ಇದು ಜೀರ್ಣಮಾರ್ಗದ ಉದ್ದನೆಯ ನಾಳ. ಮಲಯಾಳದ ‘ಕರಳ್’ ಇದೇ ಬಳಗದ ಪದವಾದರೂ ಇಂದು ಅಲ್ಲಿ ಸೂಚಿಸುವುದು ಯಕೃತ್ತನ್ನು. ಎರಡು ಭಾಷೆಗಳಲ್ಲಿಯೂ ಆ ಪದ ಮಮತೆಯ ನೆಲೆಯಾಗಿದೆ, ಆದರೆ ಅಂಗ ಬೇರೆಯಾಗಿದೆ. ಪದಗಳ ಬೇರು ಒಂದೇ ಆಗಿರುವುದು ಅರ್ಥದ ಏಕತೆಗೆ ಆಧಾರವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

‘ಸಣ್ಣ ಕರುಳು’, ‘ದೊಡ್ಡ ಕರುಳು’ ಎಂಬ ಜೋಡಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಸಣ್ಣ ಕರುಳಿನ ಉದ್ದ ಸುಮಾರು ೬ ಮೀಟರು. ದೊಡ್ಡ ಕರುಳಿನದು ಸುಮಾರು ೧.೫ ಮೀಟರು ಮಾತ್ರ. ಉದ್ದವಾದುದನ್ನು ‘ಸಣ್ಣ’ ಎನ್ನುವುದು ಹೇಗೆ ಎಂದು ಶಾಲೆಯ ಮಕ್ಕಳು ಕೇಳುವುದುಂಟು. ಉತ್ತರ ಪದದಲ್ಲಿಯೇ ಇದೆ. ಸಂಸ್ಕೃತದ ಶ್ಲಕ್ಷ್ಣದ ತದ್ಭವವಾದ ‘ಸಣ್ಣ’ಕ್ಕೆ ಕಿರಿದು ಎಂಬ ಅರ್ಥದೊಡನೆ ತೆಳು, ಸಪೂರ ಎಂಬ ಅರ್ಥವೂ ಇದೆ. ಸಣ್ಣ ನೂಲು ಎಂದರೆ ಗಿಡ್ಡ ನೂಲಲ್ಲ. ಇಲ್ಲಿ ಕನ್ನಡದ ಪದ ಅಂಗದ ನಿಜವಾದ ಲಕ್ಷಣವನ್ನೇ ಹೇಳುತ್ತಿದೆ.

೨. ಆಯುರ್ವೇದದ ಪದರ

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಆ ಪರಂಪರೆಯ ಮುಖ್ಯ ಕೃತಿಗಳು. ಆಯುರ್ವೇದದ ಮೂಲಕ ಅಗ್ನಿ, ಪಿತ್ತ, ಆಮ, ಅಜೀರ್ಣ, ಗ್ರಹಣಿ, ಕಾಮಾಲೆ ಮೊದಲಾದ ಪದಗಳು ಪಂಡಿತರಿಂದ ಮನೆಯ ಅಜ್ಜಿಯವರೆಗೂ ಹರಿದು ಬಂದವು. ಸಮ, ವಿಷಮ, ತೀಕ್ಷ್ಣ, ಮಂದ ಎಂದು ಜಠರಾಗ್ನಿಗೆ ಹೇಳುವ ನಾಲ್ಕು ಸ್ಥಿತಿಗಳಲ್ಲಿ ‘ಅಗ್ನಿಮಾಂದ್ಯ’ ಇಂದಿಗೂ ಬಳಕೆಯಲ್ಲಿದೆ.

ಈ ಪದಗಳು ಒಂದು ಸಿದ್ಧಾಂತದೊಳಗೆ ಹುಟ್ಟಿದವು. ಅವನ್ನೇ ಬೇರೊಂದು ಶಾಸ್ತ್ರಕ್ಕೆ ತಂದಾಗ ಅರ್ಥ ಕದಲುತ್ತದೆ. ‘ಪಿತ್ತ’ವನ್ನೇ ನೋಡಬಹುದು. ಆಯುರ್ವೇದದಲ್ಲಿ ಅದು ತ್ರಿದೋಷಗಳಲ್ಲೊಂದು. ಶರೀರಶಾಸ್ತ್ರದಲ್ಲಿ ಅದು ಯಕೃತ್ತಿನಲ್ಲಿ ಹುಟ್ಟುವ, ಕಹಿಯಾದ, ಹಸಿರು ಮಿಶ್ರಿತ ಹಳದಿ ಬಣ್ಣದ ರಸ. ಜನರ ಮಾತಿನಲ್ಲಿ ‘ಪಿತ್ತ ಹೆಚ್ಚಾಗಿದೆ’ ಎಂದರೆ ಹುಳಿತೇಗು, ಎದೆಯುರಿ, ತಲೆಸುತ್ತು ಯಾವುದೂ ಆಗಬಹುದು. ಆದರೆ ಹುಳಿತೇಗಿನ ಹುಳಿಗೆ ಕಾರಣ ಪಿತ್ತರಸವಲ್ಲ, ಜಠರದಲ್ಲಿ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲ. ಒಂದೇ ಪದ ಮೂರು ಲೋಕಗಳಲ್ಲಿ ಮೂರು ವಸ್ತುಗಳಾಗಿವೆ. ‘ಗ್ರಹಣಿ’ಯೂ ಹೀಗೆಯೇ, ಅದು ಒಂದು ಅಂಗದ ಹೆಸರೂ ಹೌದು, ಆ ಅಂಗವನ್ನು ಆಶ್ರಯಿಸಿದ ರೋಗದ ಹೆಸರೂ ಹೌದು.

೩. ಪಠ್ಯಪುಸ್ತಕದ ಪದರ

೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಬೆಳೆದ ವಿಜ್ಞಾನ ಬರವಣಿಗೆ ಹೊಟ್ಟೆಯ ಅರ್ಥಬಾಹುಳ್ಯವನ್ನು ಪರಿಹರಿಸಲು ಸಂಸ್ಕೃತದ ಎರಡು ಪದಗಳನ್ನು ಬಳಸಿಕೊಂಡಿತು: ಹೊರಗಿನ ಪ್ರದೇಶಕ್ಕೆ ‘ಉದರ’, ಒಳಗಿನ ಚೀಲಕ್ಕೆ ‘ಜಠರ’. ಸಂಸ್ಕೃತದಲ್ಲಿ ಜಠರಕ್ಕೂ ಹೊಟ್ಟೆ, ಗರ್ಭ ಎಂಬ ವಿಶಾಲ ಅರ್ಥಗಳಿದ್ದವು. ಕನ್ನಡವು ಅದನ್ನು ಸಂಕೋಚಗೊಳಿಸಿಕೊಂಡಿತು. ಪರಿಭಾಷೆಯ ನಿರ್ಮಾಣದಲ್ಲಿ ಹೊಸ ಪದವನ್ನು ಟಂಕಿಸುವುದಕ್ಕಿಂತ ಇರುವ ಪದದ ಅರ್ಥವನ್ನು ಸಂಕೋಚಗೊಳಿಸುವುದು ಹೆಚ್ಚು ಫಲಕಾರಿಯಾದ ವಿಧಾನವೆಂಬುದಕ್ಕೆ ಇದು ಉತ್ತಮ ಉದಾಹರಣೆ.

ಇನ್ನೊಂದು ವಿಧಾನ ಅಂಗದ ಕಾರ್ಯವನ್ನೇ ಹೆಸರಿನಲ್ಲಿ ತುಂಬುವುದು. ‘ಪಿತ್ತಜನಕಾಂಗ’, ‘ಮೇದೋಜೀರಕ ಗ್ರಂಥಿ’ ಇಂಥವು. ಇವು ಪಾರದರ್ಶಕ ಪದಗಳು, ಓದಿದೊಡನೆ ಅರ್ಥವಾಗುತ್ತವೆ. ಆದರೆ ಅವು ಹೇಳುವುದು ಅರ್ಧ ಸತ್ಯ. ಮೇದೋಜೀರಕ ಎಂದರೆ ಕೊಬ್ಬನ್ನು ಜೀರ್ಣಿಸುವುದು. ಆ ಗ್ರಂಥಿಯ ರಸ ಪಿಷ್ಟವನ್ನೂ ಪ್ರೋಟೀನನ್ನೂ ಜೀರ್ಣಿಸುತ್ತದೆ. ೧೯೨೧ರಲ್ಲಿ ಟೊರಾಂಟೊದಲ್ಲಿ ಬೇರ್ಪಡಿಸಲಾದ ಇನ್ಸುಲಿನ್ನಿನ ಮೂಲವೂ ಅದೇ ಗ್ರಂಥಿ. ಯಕೃತ್ತು ಪಿತ್ತವನ್ನು ಹುಟ್ಟಿಸುವುದಲ್ಲದೆ ಸಕ್ಕರೆಯನ್ನು ಸಂಗ್ರಹಿಸುತ್ತದೆ, ವಿಷವಸ್ತುಗಳನ್ನು ನಿವಾರಿಸುತ್ತದೆ. ‘ಯಕೃತ್ತು’ ಎಂಬ ಅಪಾರದರ್ಶಕ ಪದ ಈ ಎಲ್ಲ ಕಾರ್ಯಗಳನ್ನೂ ತಾಳಿಕೊಳ್ಳುತ್ತದೆ. ‘ಪಿತ್ತಜನಕಾಂಗ’ ಒಂದಕ್ಕೇ ಕಟ್ಟುಬೀಳುತ್ತದೆ. ‘ಕೋಶ’ದ ತೊಡಕು ಬೇರೆ ಬಗೆಯದು. ಪಿತ್ತಕೋಶ, ಗರ್ಭಕೋಶ, ಶ್ವಾಸಕೋಶಗಳಲ್ಲಿ ಅದು ಒಂದು ಇಡೀ ಅಂಗ. ಜೀವಕೋಶದಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕಣ.

೪. ನೆರೆಭಾಷೆಗಳ ನಡುವೆ

ಸಂಸ್ಕೃತದ ಪದಗಳನ್ನು ಸ್ವೀಕರಿಸಿದರೆ ಭಾರತೀಯ ಭಾಷೆಗಳೆಲ್ಲಕ್ಕೂ ಸಮಾನ ಪರಿಭಾಷೆ ದೊರೆಯುತ್ತದೆಂಬ ವಾದ ಹಳೆಯದು. ೧೯೬೧ರಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ಸ್ಥಾಪಿಸಿದ ಕಾಲದಲ್ಲಿಯೂ ಈ ಆಶಯ ಪ್ರಬಲವಾಗಿತ್ತು. ಮುಂಬಯಿ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡಿಗರು ದಿನವೂ ಎರಡು ಮೂರು ಭಾಷೆಗಳ ನಡುವೆ ಬಾಳುವವರಾದ್ದರಿಂದ ಈ ವಾದವನ್ನು ಅವರ ಅನುಭವದಲ್ಲಿಟ್ಟು ಪರೀಕ್ಷಿಸಬಹುದು.

ಮೇದೋಜೀರಕ ಗ್ರಂಥಿಗೆ ಹಿಂದಿಯಲ್ಲಿ ‘ಅಗ್ನ್ಯಾಶಯ’, ಮರಾಠಿಯಲ್ಲಿ ‘ಸ್ವಾದುಪಿಂಡ’, ತೆಲುಗಿನಲ್ಲಿ ‘ಕ್ಲೋಮ’, ಮಲಯಾಳದಲ್ಲಿ ‘ಆಗ್ನೇಯಗ್ರಂಥಿ’. ಎಲ್ಲವೂ ಸಂಸ್ಕೃತವೇ, ಆದರೆ ಒಂದರಂತೆ ಇನ್ನೊಂದಿಲ್ಲ. ತಮಿಳು ಮಾತ್ರ ‘ಕಣೈಯಂ’ ಎಂದು ತನ್ನ ದಾರಿ ಹಿಡಿದಿದೆ. ಜಠರ ಮರಾಠಿಯಲ್ಲಿಯೂ ಜಠರವೇ. ಹಿಂದಿಯಲ್ಲಿ ಅದು ‘ಆಮಾಶಯ’. ‘ಆಮಶಂಕೆ’ಯನ್ನು ಬಲ್ಲ ಕನ್ನಡಿಗನಿಗೆ ಈ ಪದ ಅಂಗದ ಬದಲು ರೋಗವನ್ನೇ ನೆನಪಿಸೀತು. ಇದಕ್ಕೆ ವಿರುದ್ಧವಾಗಿ ಸಣ್ಣ ಕರುಳು ತಮಿಳಿನಲ್ಲಿ ‘ಸಿರುಕುಡಲ್’, ತೆಲುಗಿನಲ್ಲಿ ‘ಚಿನ್ನ ಪ್ರೇಗು’, ಮರಾಠಿಯಲ್ಲಿ ‘ಲಹಾನ್ ಆತಡೇ’, ಹಿಂದಿಯಲ್ಲಿ ‘ಛೋಟೀ ಆಂತ್’. ಪದಗಳು ಬೇರೆ ಬೇರೆಯಾದರೂ ರಚನೆ ಒಂದೇ; ಒಂದನ್ನು ಬಲ್ಲವನಿಗೆ ಇನ್ನೊಂದು ಸುಲಭವಾಗಿ ತಿಳಿಯುತ್ತದೆ. ಪರಿಭಾಷೆಯ ಏಕತೆ ಪದಗಳ ಮೂಲದಲ್ಲಿಲ್ಲ, ಅರ್ಥರಚನೆಯಲ್ಲಿದೆ ಎಂಬ ನಿರ್ಣಯಕ್ಕೆ ಈ ನಿದರ್ಶನಗಳು ಎಡೆಮಾಡುತ್ತವೆ.

೫. ರೋಗಿಯ ಮಾತು

ಅಂಗಗಳ ಹೆಸರಿನಲ್ಲಿ ಕನ್ನಡಕ್ಕೆ ಸಾಲವೇನೋ ಬೇಕಾಯಿತು; ನೋವಿನ ವರ್ಣನೆಯಲ್ಲಿ ಅದು ಸಿರಿವಂತ ಭಾಷೆ. ನುಲಿಯುವ, ಹಿಂಡುವ, ಚುಚ್ಚುವ, ಕೊರೆಯುವ, ಉರಿಯುವ ನೋವುಗಳನ್ನು ಹಳ್ಳಿಯ ರೋಗಿಯೂ ಬೇರೆ ಬೇರೆಯಾಗಿ ಹೇಳಬಲ್ಲ. ಕರುಳಿನ ಸ್ನಾಯುಗಳು ಬಿಗಿದು ಸಡಿಲುವಾಗ ಬಂದು ಬಂದು ಹೋಗುವ ನೋವಿಗೆ ‘ನುಲಿತ’ಕ್ಕಿಂತ ಖಚಿತವಾದ ಪದ ಸಿಕ್ಕದು. ಕಿಬ್ಬೊಟ್ಟೆ, ಹೊಕ್ಕುಳು, ಪಕ್ಕೆ ಎಂಬ ಸ್ಥಾನವಾಚಕಗಳೂ, ವಾಕರಿಕೆ, ತೊಳಸು, ಉಬ್ಬರ ಎಂಬ ಲಕ್ಷಣವಾಚಕಗಳೂ ಹೀಗೆಯೇ ಉಪಯುಕ್ತವಾದವು.

ಈ ಸಂಪತ್ತನ್ನು ಇಂದು ಒಂದೇ ಒಂದು ಪದ ನುಂಗುತ್ತಿದೆ, ಅದು ‘ಗ್ಯಾಸ್’. ಹೊಟ್ಟೆಯುಬ್ಬರವೂ ಗ್ಯಾಸ್, ಎದೆಯುರಿಯೂ ಗ್ಯಾಸ್, ಎದೆಯ ನೋವೂ ಗ್ಯಾಸ್. ಹೃದಯಾಘಾತದ ನೋವು ಕೆಲವೊಮ್ಮೆ ಮೇಲುಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದರಿಂದ ಈ ಒಂದು ಪದ ಅಮೂಲ್ಯವಾದ ಗಳಿಗೆಗಳನ್ನು ಕಳೆಯಬಲ್ಲುದು. ‘ರಕ್ತ ಹೋಗುತ್ತಿದೆಯೆ?’ ಎಂಬ ಪ್ರಶ್ನೆಯೂ ಹೀಗೆಯೇ ವಿಫಲವಾಗುವುದುಂಟು. ಜಠರದಲ್ಲಿ ಅಥವಾ ಸಣ್ಣ ಕರುಳಿನ ಮೊದಲ ಭಾಗದಲ್ಲಿ ರಕ್ತ ಸೋರಿದರೆ ಮಲ ಕೆಂಪಾಗದೆ ಡಾಂಬರಿನಂತೆ ಕಪ್ಪಾಗುತ್ತದೆ. ರಕ್ತವೆಂದರೆ ಕೆಂಪು ಎಂದು ತಿಳಿದ ರೋಗಿ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾನೆ. ‘ಮಲ ಕಪ್ಪಾಗಿದೆಯೆ?’ ಎಂದು ಕೇಳಬಲ್ಲವನು ಅಲ್ಲಿ ನಿಜವಾದ ಭಾಷಾಂತರಕಾರ.

ಹೊರನಾಡಿನಲ್ಲಿ ಈ ಭಾಷಾಂತರಕಾರ ಬಹುಮಟ್ಟಿಗೆ ಮನೆಯ ಮಗನೋ ಮಗಳೋ ಸೊಸೆಯೋ ಆಗಿರುತ್ತಾರೆ. ಊರಿನಿಂದ ಬಂದ ಹಿರಿಯರ ‘ಪಿತ್ತ’ವನ್ನು ಮರಾಠಿಯ ‘ಪಿತ್ತ’ವೆಂದು ಯಥಾವತ್ತಾಗಿ ದಾಟಿಸಿದರೆ ಎದೆಯುರಿಯ ವಿಷಯದಲ್ಲಿ ಕೆಲಸ ನಡೆದೀತು, ಏಕೆಂದರೆ ಮರಾಠಿಯ ಆಡುಮಾತಿನಲ್ಲಿಯೂ ಅದು ಆಮ್ಲದ ಬಾಧೆಯೇ. ಹಿರಿಯರು ಹೇಳಿದ್ದು ತಲೆಸುತ್ತನ್ನಾಗಿದ್ದರೆ ಅದೇ ಪದ ವೈದ್ಯನನ್ನು ಬೇರೆಡೆಗೆ ಕೊಂಡೊಯ್ಯುತ್ತದೆ. ಆದುದರಿಂದ ಪದವನ್ನು ದಾಟಿಸುವ ಮೊದಲು ಅದರ ಹಿಂದಿನ ಅನುಭವವನ್ನು ಕೇಳಿ ತಿಳಿಯಬೇಕಾಗುತ್ತದೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳನ್ನು ಹೇಳಬಹುದು. ಖಚಿತವಾದ ದೇಶ್ಯ ಪದವಿದ್ದಲ್ಲಿ ಅದಕ್ಕೇ ಮನ್ನಣೆ ಸಲ್ಲಬೇಕು. ದೇಶ್ಯದ ಅರ್ಥ ಹರಡಿಕೊಂಡಿರುವಲ್ಲಿ ಜಠರ, ಉದರಗಳಂತೆ ಬಳಕೆಯಲ್ಲಿರುವ ಪದದ ಅರ್ಥವನ್ನು ಸಂಕೋಚಗೊಳಿಸಬೇಕು. ಕಾರ್ಯಸೂಚಕ ಪದಗಳನ್ನು ಹೆಸರುಗಳೆಂದು ಬಳಸಬೇಕಲ್ಲದೆ ಲಕ್ಷಣವಾಕ್ಯಗಳೆಂದು ನಂಬಬಾರದು. ಅಪೆಂಡಿಕ್ಸ್, ಎಂಡೋಸ್ಕೋಪಿಗಳಂತೆ ಜನರ ನಾಲಿಗೆಯಲ್ಲಿ ನೆಲೆನಿಂತ ಪದಗಳನ್ನು ಹೊರದೂಡುವ ಶ್ರಮ ಅನಗತ್ಯ. ೧೮೯೪ರ ಕಿಟ್ಟೆಲ್ ನಿಘಂಟಿನಿಂದ ಇಂದಿನವರೆಗೆ ಕನ್ನಡದ ಕೋಶಕಾರರು ಅಂಗಗಳ ಹೆಸರುಗಳನ್ನು ಸಂಗ್ರಹಿಸಿದ್ದಾರೆ. ಬಾಧೆಗಳ ಹೆಸರುಗಳನ್ನು ಪ್ರದೇಶವಾರು ಅರ್ಥಗಳೊಡನೆ ಕೂಡಿಸುವುದು ಕನ್ನಡ ವಿಭಾಗಗಳ ವಿದ್ಯಾರ್ಥಿಗಳಿಗೆ ಒಪ್ಪುವ ಕ್ಷೇತ್ರಕಾರ್ಯ. ಧಾರವಾಡದ, ಮಂಗಳೂರಿನ, ಮೈಸೂರಿನ ಕನ್ನಡಗಳನ್ನಾಡುವ ಕುಟುಂಬಗಳು ಒಂದೇ ಕಟ್ಟಡದಲ್ಲಿ ನೆಲೆಸಿರುವ ಮುಂಬಯಿಯಂಥ ನಗರ ಆ ಕಾರ್ಯಕ್ಕೆ ತಕ್ಕ ಸ್ಥಳ.