ಪಾಠ 12: ಗುಂಪು ಗುಂಪಾಗಿ ಎಣಿಸೋಣ



ಹೂ ಮಾರುವವಳು ಮೊಳ ಹಾಕುವುದನ್ನು ನೀವು ನೋಡಿದ್ದೀರಿ. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಮೊಳ ಆದರೆ ಒಂದು ಮಾರು. ಎರಡು ಮಾರು ಅಂದರೆ ಎಂಟು ಮೊಳ. ಮೂರು ಮಾರು ಅಂದರೆ ಹನ್ನೆರಡು ಮೊಳ. ಐದು ಮಾರು ಕೇಳಿದರೆ ಅವಳು ಮತ್ತೆ ಮೊದಲಿನಿಂದ ಎಣಿಸುವುದಿಲ್ಲ. ‘ಇಪ್ಪತ್ತು ಮೊಳ’ ಅಂತ ಬಾಯಲ್ಲೇ ಬರುತ್ತದೆ.

ನಮ್ಮ ಅಜ್ಜಿಯಂದಿರ ಬಾಯಲ್ಲೂ ಇದೇ ಲೆಕ್ಕ ಇತ್ತು. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ಆಗ ಒಂದು ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಆಣೆ ಹೋಯಿತು. ಆದರೂ 25 ಪೈಸೆಯನ್ನು ಜನ ‘ನಾಲ್ಕಾಣೆ’ ಅಂತಲೇ ಕರೆದರು. 2011ರಲ್ಲಿ ಆ ನಾಣ್ಯವೂ ನಿಂತು ಹೋಯಿತು. ಮಾತು ಮಾತ್ರ ಉಳಿದಿದೆ.

ಈಗ ಎರಡನ್ನೂ ಪಕ್ಕದಲ್ಲಿ ಬರೆಯೋಣ.

ಹೂವಿನ ಮೊಳ: 4, 8, 12, 16, 20
ಅಜ್ಜಿಯ ಆಣೆ: 4, 8, 12, 16

ಎರಡೂ ಒಂದೇ ಸಾಲು. ಇದು ನಾಲ್ಕರ ಮಗ್ಗಿ. ಮಗ್ಗಿಯಲ್ಲಿ ಬರುವ ಈ ಸಂಖ್ಯೆಗಳಿಗೆ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರಿದೆ. ಅಪವರ್ತ್ಯ. ಬಿಡಿಸಿ ಓದಿ: ಅ – ಪ – ವ – ರ್ತ್ಯ. ಹೆಸರು ಸ್ವಲ್ಪ ಗಡಸು. ಸಂಗತಿ ಸುಲಭ.

4, 8, 12, 16 ಇವೆಲ್ಲ ನಾಲ್ಕರ ಅಪವರ್ತ್ಯಗಳು. ಅಂದರೆ ನಾಲ್ಕು ನಾಲ್ಕರ ಗುಂಪು ಮಾಡಿದರೆ ಏನೂ ಮಿಕ್ಕುವುದಿಲ್ಲ. 14 ನಾಲ್ಕರ ಅಪವರ್ತ್ಯ ಅಲ್ಲ. ಮೂರು ಗುಂಪು ಆಗಿ ಎರಡು ಮಿಕ್ಕುತ್ತದೆ. ಮಿಕ್ಕಿತೋ, ಅಪವರ್ತ್ಯ ಅಲ್ಲ. ಇಷ್ಟೇ ನೆನಪಿರಲಿ.

ಮಗ್ಗಿ ಹತ್ತಕ್ಕೆ ನಿಲ್ಲುತ್ತದೆ, ಅಪವರ್ತ್ಯ ನಿಲ್ಲುವುದಿಲ್ಲ. 40 ಆದ ಮೇಲೆ 44, 48, 52 ಹೀಗೆ ಹೋಗ್ತಾನೇ ಇರುತ್ತದೆ.

ಏಳರ ಲೆಕ್ಕ

ವಾರಕ್ಕೆ ಏಳು ದಿನ. ಸಂತೆ ಏಳು ದಿನಕ್ಕೊಮ್ಮೆ. ಇವತ್ತು ಸಂತೆ ಆದರೆ 7, 14, 21, 28 ದಿನ ಕಳೆದ ಮೇಲೂ ಸಂತೆ ಇರುತ್ತದೆ. ಇವು ಏಳರ ಅಪವರ್ತ್ಯಗಳು.

ಕೋಳಿ ಕಾವಿಗೆ ಕೂತರೆ ಸುಮಾರು 21 ದಿನಕ್ಕೆ ಮರಿ ಒಡೆಯುತ್ತದೆ. 21 ಅಂದರೆ ಮೂರು ಏಳು. ಮಂಗಳವಾರ ಕಾವಿಗೆ ಕೂರಿಸಿದರೆ ಮೂರನೇ ಮಂಗಳವಾರದ ಹೊತ್ತಿಗೆ ಬುಟ್ಟಿಯ ಹತ್ತಿರ ಕಿವಿ ಇಟ್ಟು ಕೇಳಬಹುದು. ತಾರೀಖು ಬರೆದಿಡಬೇಕಾಗಿಲ್ಲ, ವಾರ ನೆನಪಿದ್ದರೆ ಸಾಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಇದೆ. ಮಗುವಿಗೆ ಹುಟ್ಟಿದಾಗ ಹಾಕುವ ಲಸಿಕೆ ಆದ ಮೇಲೆ, ಮುಂದಿನ ಲಸಿಕೆಗಳು 6 ವಾರ, 10 ವಾರ, 14 ವಾರ ತುಂಬಿದಾಗ. ದಿನದಲ್ಲಿ ಹೇಳಿದರೆ 42, 70, 98. ಮೂರೂ ಏಳರ ಅಪವರ್ತ್ಯ. ಆದ್ದರಿಂದ ಸೋಮವಾರ ಹುಟ್ಟಿದ ಮಗುವಿಗೆ 6 ವಾರ ತುಂಬುವುದೂ ಸೋಮವಾರವೇ. 10 ವಾರ, 14 ವಾರ ತುಂಬುವುದೂ ಸೋಮವಾರವೇ. ಮನೆಯ ಗೋಡೆಯ ಮೇಲೆ ಸೋಮವಾರಕ್ಕೊಂದು ಗೆರೆ ಎಳೆಯಿರಿ. ಹುಟ್ಟಿದ ದಿನಕ್ಕೆ ಗೆರೆ ಬೇಡ, ಮುಂದಿನ ಸೋಮವಾರದಿಂದ ಎಳೆಯಿರಿ. ಆರು ಗೆರೆ ಆದರೆ ಮೊದಲ ಸಲ. ಇನ್ನು ನಾಲ್ಕು ಗೆರೆಗೆ ಎರಡನೇ ಸಲ. ಮತ್ತೆ ನಾಲ್ಕಕ್ಕೆ ಮೂರನೇ ಸಲ. ನಿಮ್ಮೂರಿನಲ್ಲಿ ಲಸಿಕೆಯ ದಿನ ಗುರುವಾರ ಇದ್ದರೆ, ಗೆರೆ ತುಂಬಿದ ಮೇಲೆ ಬರುವ ಗುರುವಾರ ಮಗುವನ್ನು ಕರಕೊಂಡು ಹೋಗಿ. ‘ಒಂದೂವರೆ ತಿಂಗಳು’ ಅಂತ ಅಂದಾಜಿನಲ್ಲಿ ಇದ್ದರೆ ಹಬ್ಬ, ಜಾತ್ರೆ, ತವರು ಅಂತ ದಿನ ಜಾರುತ್ತದೆ. ಗೆರೆ ಜಾರುವುದಿಲ್ಲ.

ಸಂಘದ ಪುಸ್ತಕ

ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಿನಲ್ಲಿ ಹೆಂಗಸರ ಸಂಘಗಳು ಎದ್ದವು. ವಾರವಾರ ಉಳಿತಾಯ ಕಟ್ಟುವುದು ನಿಮಗೆ ಹೊಸದಲ್ಲ. ಆದರೆ ಪುಸ್ತಕ ಬರೆಯುವವರು ಒಬ್ಬರೋ ಇಬ್ಬರೋ. ಉಳಿದವರು ‘ಅವರು ಬರೀತಾರೆ ಬಿಡಿ’ ಅಂತ ಎದ್ದು ಹೋಗುತ್ತಾರೆ. ನಮಗೆ ಇದು ಸರಿ ಅನ್ನಿಸುವುದಿಲ್ಲ. ಬರೆಯುವವರ ಮೇಲೆ ಸಂಶಯ ಅಂತಲ್ಲ. ದುಡ್ಡು ಎಲ್ಲರದು, ನೋಡುವ ಕಣ್ಣೂ ಎಲ್ಲರದಿರಲಿ.

ಒಂದು ಸಂಘ ಅಂದುಕೊಳ್ಳಿ. 16 ಜನ. ವಾರಕ್ಕೆ ತಲೆಗೆ 20 ರೂಪಾಯಿ. ಪುಸ್ತಕದಲ್ಲಿ ಹೀಗೆ ಇದೆ:

ಮೊದಲ ವಾರ – 320 ರೂ.
ಎರಡನೇ ವಾರ – 300 ರೂ.
ಮೂರನೇ ವಾರ – 270 ರೂ.
ನಾಲ್ಕನೇ ವಾರ – 280 ರೂ.

ಯಾರು ಬಂದರು, ಯಾರು ಬರಲಿಲ್ಲ ನಮಗೆ ಗೊತ್ತಿಲ್ಲ. ಆದರೂ ಒಂದು ವಾರದ ಲೆಕ್ಕದಲ್ಲಿ ಏನೋ ಇದೆ ಅಂತ ಕೂತಲ್ಲೇ ಹೇಳಬಹುದು. ಯಾವುದು?

ಒಬ್ಬೊಬ್ಬರೂ 20 ಕೊಟ್ಟರೆ ಒಟ್ಟು ಹಣ 20ರ ಅಪವರ್ತ್ಯ ಆಗಲೇಬೇಕು. 320 ಅಂದರೆ 16 ಜನ. 300 ಅಂದರೆ 15 ಜನ. 270? 13 ಜನಕ್ಕೆ 260 ಆಯಿತು. ಇನ್ನು 10 ಮಿಕ್ಕಿತು. ಅರ್ಧ ಜನ ಯಾರು? ಯಾರೋ ಹತ್ತೇ ಕೊಟ್ಟಿರಬಹುದು. ಹಾಗಾದರೆ ಅವರ ಹೆಸರಿನ ಮುಂದೆ ಹತ್ತು ಅಂತ ಬರೆದಿರಬೇಕು. ಇಲ್ಲದಿದ್ದರೆ ಕೂಡುವಾಗ ತಪ್ಪಿರಬೇಕು. ಜಗಳ ಬೇಡ, ‘ಈ ಹತ್ತು ರೂಪಾಯಿ ಯಾರದು?’ ಅಂತ ಕೇಳಿದರೆ ಸಾಕು.

20ರ ಅಪವರ್ತ್ಯ ಕಣ್ಣಿಗೆ ಹೇಗೆ ಸಿಗುತ್ತದೆ? ಕೊನೆಯ ಅಂಕಿ 0 ಇರಬೇಕು. ಅದರ ಹಿಂದಿನ ಅಂಕಿ 0, 2, 4, 6, 8 ಇವುಗಳಲ್ಲಿ ಒಂದಾಗಿರಬೇಕು. 270ರಲ್ಲಿ ಸೊನ್ನೆಯ ಹಿಂದೆ 7 ಇದೆ. ಅಲ್ಲೇ ಸಿಕ್ಕಿಬಿತ್ತು. ನೂರರ ಅಂಕಿ ಎಷ್ಟಿದ್ದರೂ ತೊಂದರೆ ಇಲ್ಲ. ಯಾಕೆಂದರೆ ನೂರು ಅಂದರೆ ಐದು ಇಪ್ಪತ್ತು, ಮಿಕ್ಕುವುದೇ ಇಲ್ಲ.

ಈಗ ನಾಲ್ಕನೇ ವಾರ ನೋಡಿ. 280. ಇದು 20ರ ಅಪವರ್ತ್ಯ. ಹಾಗಾದರೆ ಸರಿಯಾ? ಅವಸರ ಬೇಡ. 280 ಅಂದರೆ 14 ಜನ. ಆ ವಾರ ಹದಿನಾರೂ ಜನ ಕೊಟ್ಟಿದ್ದರೆ 40 ರೂಪಾಯಿ ಕಡಿಮೆ ಬರೆದಿದೆ ಅಂತ ಆಯಿತು. ಅಪವರ್ತ್ಯ ಅಲ್ಲದಿದ್ದರೆ ಲೆಕ್ಕದಲ್ಲಿ ಏನೋ ಇದೆ ಅಂತ ಖಂಡಿತ. ಅಪವರ್ತ್ಯ ಆದ ಮಾತ್ರಕ್ಕೆ ಎಲ್ಲ ಸರಿ ಅಂತ ಅಲ್ಲ. ತಲೆಯನ್ನೂ ಎಣಿಸಬೇಕು. ಈ ಭಾಗವನ್ನು ಇನ್ನೊಂದು ಸಲ ಓದಿ. ತರಗತಿಯಲ್ಲಿ ಹೆಚ್ಚಿನವರು ಇಲ್ಲೇ ತಡೆಯುತ್ತಾರೆ.

ದಕ್ಷಿಣ ಕನ್ನಡದ ಬೀಡಿ ಕಟ್ಟುವ ಅಕ್ಕಂದಿರಿಗೂ ಇದೇ ಮಾತು. ಕಟ್ಟಿಗೆ 25 ಬೀಡಿ ಇದ್ದರೆ 40 ಕಟ್ಟಿಗೆ ಸಾವಿರ. 25ರ ಅಪವರ್ತ್ಯದ ಕೊನೆಯ ಎರಡು ಅಂಕಿ 00, 25, 50, 75 ಮಾತ್ರ. ಪೂರ್ತಿ ಕಟ್ಟುಗಳನ್ನೇ ಕೊಟ್ಟು, ಪುಸ್ತಕದಲ್ಲಿ 780 ಅಂತ ಬಂದರೆ ಆ 80 ಎಲ್ಲಿಂದ ಬಂತು ಅಂತ ಕೇಳಿ. ಬೀಡಿ ಸರಿಯಿಲ್ಲ ಅಂತ ತೆಗೆದಿದ್ದರೆ ಎಷ್ಟು ತೆಗೆದರು ಎಂದು ಬರೆಸಿಕೊಳ್ಳಿ.

ಮೂವರು ಹಂಚಿಕೊಳ್ಳುವಾಗ

ಮೂವರು ಹೆಂಗಸರು ಸೇರಿ ಕಳೆ ಕಿತ್ತರು. ಮೂವರಿಗೂ ಸೇರಿಸಿ 471 ರೂಪಾಯಿ ಬಂತು. ಚಿಲ್ಲರೆ ಮಿಕ್ಕದೆ ಹಂಚಬಹುದೇ? ಅಂದರೆ 471 ಮೂರರ ಅಪವರ್ತ್ಯವೇ?

ನೋಟು ಇಟ್ಟು ನೋಡೋಣ. ನೂರರ ಒಂದು ನೋಟನ್ನು ಮೂವರು ಹಂಚಿದರೆ 33, 33, 33. ಅಲ್ಲಿಗೆ 99. ಒಂದು ರೂಪಾಯಿ ಮಿಕ್ಕುತ್ತದೆ. ಹತ್ತರ ಒಂದು ನೋಟು ಹಂಚಿದರೆ 3, 3, 3. ಅಲ್ಲಿಗೆ 9. ಅಲ್ಲಿಯೂ ಮಿಕ್ಕುವುದು ಒಂದೇ ರೂಪಾಯಿ. ನೂರರ ನೋಟಿರಲಿ ಹತ್ತರ ನೋಟಿರಲಿ, ಮಿಕ್ಕುವುದು ಒಂದು!

471ರಲ್ಲಿ ನೂರರ ನೋಟು ನಾಲ್ಕು. ಮಿಕ್ಕುವುದು 4. ಹತ್ತರ ನೋಟು ಏಳು. ಮಿಕ್ಕುವುದು 7. ಬಿಡಿ ರೂಪಾಯಿ 1. ಎಲ್ಲ ಕೂಡಿಸಿ: 4 + 7 + 1 = 12. ಹನ್ನೆರಡು ರೂಪಾಯಿ ಮೂವರಿಗೆ ಸರಿಯಾಗಿ ಹೋಗುತ್ತದೆ, ನಾಲ್ಕು ನಾಲ್ಕು. ಆದ್ದರಿಂದ 471 ಮೂರರ ಅಪವರ್ತ್ಯ. ಒಬ್ಬೊಬ್ಬರಿಗೆ 157 ರೂಪಾಯಿ.

ಅಂದರೆ ಅಂಕಿಗಳನ್ನು ಕೂಡಿಸಿದರೆ ಸಾಕು. ಕೂಡಿಸಿದ್ದು ಮೂರರ ಮಗ್ಗಿಯಲ್ಲಿ ಬಂದರೆ ಆ ಸಂಖ್ಯೆ ಮೂರರ ಅಪವರ್ತ್ಯ. ಶಾಲೆಯ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ನೀವು ನೋಟು ಹಂಚಿ ಕಾರಣವನ್ನೇ ನೋಡಿದಿರಿ.

2, 5, 10 ಇವು ಇನ್ನೂ ಸುಲಭ. ಕೊನೆಯ ಅಂಕಿ 0, 2, 4, 6, 8 ಆದರೆ ಎರಡರ ಅಪವರ್ತ್ಯ. 0 ಅಥವಾ 5 ಆದರೆ ಐದರದು. 0 ಆದರೆ ಹತ್ತರದು.

ನಲ್ಲಿ ನೀರು ಮತ್ತು ಸಂಘದ ಸಭೆ

ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು. ಏಳು ದಿನಕ್ಕೊಮ್ಮೆ ಸಂಘದ ಸಭೆ. ಇವತ್ತು ಎರಡೂ ಒಟ್ಟಿಗೆ ಬಂದಿದೆ. ನೀರು ಹಿಡಿಯುವುದೋ, ಸಭೆಗೆ ಹೋಗುವುದೋ ಎಂಬ ಪೇಚಾಟ. ಮತ್ತೆ ಯಾವಾಗ ಹೀಗೆ ಆಗುತ್ತದೆ?

ನೀರಿನ ದಿನ: 3, 6, 9, 12, 15, 18, 21
ಸಭೆಯ ದಿನ: 7, 14, 21

21 ಎರಡು ಸಾಲಿನಲ್ಲೂ ಇದೆ. 21 ದಿನ ಆದ ಮೇಲೆ ಮತ್ತೆ ಒಟ್ಟಿಗೆ ಬರುತ್ತದೆ. ಅದಕ್ಕೆ ಮೊದಲು ಬರುವುದಿಲ್ಲ. ಆ ದಿನ ಸಭೆಯನ್ನು ಒಂದು ಗಂಟೆ ತಡ ಮಾಡೋಣ ಅಂತ ಮೊದಲೇ ಹೇಳಿಡಬಹುದು.

ಮಾಡಿ ನೋಡಿ

1. ಇವುಗಳಲ್ಲಿ 20ರ ಅಪವರ್ತ್ಯ ಯಾವುವು? 140, 190, 260, 350, 400.

2. ನಿಮ್ಮ ಸಂಘದಲ್ಲಿ ವಾರಕ್ಕೆ ಎಷ್ಟು ಕಟ್ಟುತ್ತೀರಿ? ಆ ಸಂಖ್ಯೆಯ ಹತ್ತು ಅಪವರ್ತ್ಯಗಳನ್ನು ಬರೆಯಿರಿ. ಈ ವಾರ ಪುಸ್ತಕ ತರಿಸಿ, ಹಿಂದಿನ ನಾಲ್ಕು ವಾರದ ಮೊತ್ತ ನೋಡಿ.

3. ಮೊಟ್ಟೆಯ ಒಂದು ಟ್ರೇಗೆ 30 ಮೊಟ್ಟೆ. 150 ಮೊಟ್ಟೆಗೆ ಎಷ್ಟು ಟ್ರೇ? 200 ಮೊಟ್ಟೆ ತಂದರೆ ಎಷ್ಟು ಮಿಕ್ಕುತ್ತದೆ?

4. ಮೂವರು 532 ರೂಪಾಯಿ ಹಂಚಿಕೊಳ್ಳಬೇಕು. ಮಿಕ್ಕುತ್ತದೆಯೇ? ಮಿಕ್ಕಿದರೆ ಎಷ್ಟು? ಮೊದಲು ಅಂಕಿ ಕೂಡಿಸಿ ಹೇಳಿ. ಆಮೇಲೆ ಹಂಚಿ ನೋಡಿ.

5. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಳೆ ಮಗು ಇದ್ದರೆ, ಅದು ಹುಟ್ಟಿದ ವಾರ ಕೇಳಿಕೊಂಡು ಗೋಡೆಯ ಮೇಲೆ ಗೆರೆ ಎಳೆಯಿರಿ. ಇವತ್ತಿಗೆ ಎಷ್ಟು ಗೆರೆ ಆಯಿತು?