ಸಂಶೋಧನಾ ಕೇಂದ್ರದ ಸಾಧನೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ನೆಟ್ಟಣದ ಕಿದುವಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರ ಇವೆಲ್ಲ ಸರಕಾರದ ಹಣದಲ್ಲಿ ನಡೆಯುತ್ತವೆ. ಇವುಗಳ ಕೆಲಸ ಸರಿಯಾಗಿದೆಯೇ ಎಂದು ಯಾರು ನೋಡುತ್ತಾರೆ? ಲಾಭನಷ್ಟದ ಲೆಕ್ಕ ಉಂಟೇ?
– ಓದುಗರೊಬ್ಬರು, ಕಡಬ

ಉತ್ತರ: ತೆರಿಗೆ ಕಟ್ಟುವ ಎಲ್ಲರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಲಾಭನಷ್ಟದ ಮಾತು ಬರುವುದು ಸಹಜ, ಏಕೆಂದರೆ ನಮ್ಮಲ್ಲಿ ಗೇರಿನ ಹೆಸರಿನ ಸಂಸ್ಥೆಗಳು ಎರಡಿವೆ. ಗೇರು ಅಭಿವೃದ್ಧಿ ನಿಗಮ ರಾಜ್ಯ ಸರಕಾರದ್ದು. ಅದಕ್ಕೆ ನೆಡುತೋಪುಗಳಿವೆ, ಆದಾಯದ ಲೆಕ್ಕವೂ ಇದೆ. ನೀವು ಹೇಳಿದ, ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿರುವ ನಿರ್ದೇಶನಾಲಯ 1986ರಲ್ಲಿ ಶುರುವಾದದ್ದು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ್ದು. ಅದರ ಕೆಲಸ ಸಂಶೋಧನೆ, ವ್ಯಾಪಾರವಲ್ಲ.

ಪರಿಷತ್ತಿನ ಸಂಸ್ಥೆಗಳಲ್ಲಿ ವಿಜ್ಞಾನಿಗಳ ಯೋಜನೆಗಳನ್ನು ಮೊದಲು ಸಂಸ್ಥೆಯ ಒಳಗಿನ ಸಮಿತಿ ಪರಿಶೀಲಿಸುತ್ತದೆ. ಬಳಿಕ ಹೊರಗಿನ ತಜ್ಞರಿರುವ ಸಲಹಾ ಸಮಿತಿ ನೋಡುತ್ತದೆ. ಐದು ವರ್ಷದ ಕೆಲಸವನ್ನು ಒಟ್ಟಾಗಿ ತೂಗಲು ಪ್ರತ್ಯೇಕ ತಂಡ ಬರುತ್ತದೆ. ಪ್ರಬಂಧಗಳು, ಹೊಸ ತಳಿಗಳು, ಕೊಟ್ಟ ಕಸಿ ಗಿಡಗಳು, ನಡೆಸಿದ ತರಬೇತಿಗಳು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ತೊಡಕಿರುವುದು ಇಲ್ಲೇ. ಪುತ್ತೂರಿನ 'ಭಾಸ್ಕರ' ಗೇರು ತಳಿ ಬಿಡುಗಡೆಯಾದದ್ದು 2006ರಲ್ಲಿ. ಅದು ಹೂಬಿಡುವ ಕಾಲದಿಂದಾಗಿ, ಟೀ ಸೊಳ್ಳೆ ಎಂಬ ಕೀಟದ ಕಾಟ ವಿಪರೀತವಲ್ಲದ ವರ್ಷಗಳಲ್ಲಿ ತಪ್ಪಿಸಿಕೊಳ್ಳಬಲ್ಲದು. ಇಂಥ ಮರವನ್ನು ಆರಿಸಿ, ಕಸಿ ಕಟ್ಟಿ, ವರ್ಷವರ್ಷ ಫಸಲು ತೂಗಿ ಖಚಿತಪಡಿಸಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ವಾರ್ಷಿಕ ಪಟ್ಟಿಯಲ್ಲಿ ಆ ವರ್ಷಗಳಿಗೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ಕಿದುವಿನಲ್ಲಿ ಕಾಪಾಡುತ್ತಿರುವ ದೇಶವಿದೇಶಗಳ ತೆಂಗಿನ ತಳಿಗಳೂ ಹಾಗೆಯೇ. ಮುಂದೆಂದೋ ಹೊಸ ರೋಗ ಬಂದಾಗ ತಳಿ ಹುಡುಕಲು ಅವು ಬೇಕು, ಈ ವರ್ಷದ ಅಂಕಕ್ಕೆ ಒದಗುವುದಿಲ್ಲ.

ಹಾಗೆಂದು ಕೇಂದ್ರಗಳನ್ನು ಪ್ರಶ್ನಿಸಬಾರದು ಎಂದಲ್ಲ. ಅಡಿಕೆಯ ಹಳದಿ ಎಲೆ ರೋಗ ಕೇರಳದಲ್ಲಿ ಕಾಣಿಸಿಕೊಂಡು ನೂರು ವರ್ಷ ದಾಟಿತು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಕಾರಣವೆಂದು ಗೊತ್ತಾಗಿದೆ, ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆ ತೋಟ ಕಳೆದುಕೊಂಡವರಿಗೆ ಪ್ರಬಂಧಗಳ ಸಂಖ್ಯೆ ಹೇಳಿದರೆ ಸಮಾಧಾನವಾಗದು. ಅವರ ಸಿಟ್ಟು ನ್ಯಾಯವಾದದ್ದೇ.

ನನ್ನ ಅಭಿಪ್ರಾಯದಲ್ಲಿ, ಎಷ್ಟು ಕಸಿ ಗಿಡ ಮಾರಾಟವಾಯಿತು ಎಂಬಲ್ಲಿಗೆ ಲೆಕ್ಕ ನಿಲ್ಲಬಾರದು. ಹತ್ತನೇ ವರ್ಷದಲ್ಲಿ ಅವುಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಬೀಜ ಕೊಡುತ್ತಿವೆ ಎಂದು ರೈತರ ತೋಟಕ್ಕೇ ಬಂದು ನೋಡಬೇಕು. ಈ ಸಂಸ್ಥೆಗಳ ವಾರ್ಷಿಕ ವರದಿಗಳು ಯಾರು ಬೇಕಾದರೂ ಓದಬಹುದಾದವು. ಮುಂದಿನ ಬಾರಿ ಮೊಟ್ಟೆತ್ತಡ್ಕಕ್ಕೆ ಗಿಡ ತರಲು ಹೋದಾಗ, ಹಿಂದೆ ಒಯ್ದ ಗಿಡಗಳ ಸ್ಥಿತಿಯನ್ನು ಅಲ್ಲಿನ ವಿಜ್ಞಾನಿಗಳಿಗೆ ದಯವಿಟ್ಟು ತಿಳಿಸಿ.