‘ಸೆಕೆಂಡ್-ಹ್ಯಾಂಡ್’ನಲ್ಲಿ ಒತ್ತು ಎಲ್ಲಿ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿಘಂಟಿನಲ್ಲಿ ‘ಸೆಕೆಂಡ್-ಹ್ಯಾಂಡ್’ ಪದದ ಮುಖ್ಯ ಒತ್ತು ‘ಹ್ಯಾಂಡ್’ ಮೇಲಿದೆ. ಬ್ರಿಟಿಷರ ಮಾತಿನಲ್ಲಿ ಎಷ್ಟೋ ಸಲ ‘ಸೆ’ ಮೇಲೆ ಕೇಳಿಸುತ್ತದೆ. ಮಕ್ಕಳಿಗೆ ಯಾವುದನ್ನು ಹೇಳಿಕೊಡಲಿ?
– ಶಿಕ್ಷಕಿ, ತಿಪಟೂರು

ಉತ್ತರ: ಎರಡನ್ನೂ ಹೇಳಿಕೊಡಿ ಮೇಡಂ. ‘ದಿಸ್ ಕಾರ್ ಈಸ್ ಸೆಕೆಂಡ್-ಹ್ಯಾಂಡ್’ ಎಂದಾಗ ಪದ ವಾಕ್ಯದ ಕೊನೆಗಿದೆ, ಒತ್ತು ‘ಹ್ಯಾಂಡ್’ ಮೇಲೆ ಬೀಳುತ್ತದೆ. ‘ಎ ಸೆಕೆಂಡ್-ಹ್ಯಾಂಡ್ ಕಾರ್’ ಎಂದಾಗ ಬೆನ್ನಿಗೇ ‘ಕಾರ್’ ಎಂಬ ಒತ್ತುಳ್ಳ ನಾಮಪದ ಬಂತು. ಎರಡು ಗಟ್ಟಿ ಒತ್ತುಗಳು ಒತ್ತಟ್ಟಿಗೆ ಬರುವುದು ಇಂಗ್ಲಿಷಿನ ಲಯಕ್ಕೆ ಒಗ್ಗದು. ಹಾಗಾಗಿ ಮೊದಲನೆಯದು ಹಿಂದಕ್ಕೆ ಸರಿದು ‘ಸೆ’ ಮೇಲೆ ಕೂರುತ್ತದೆ. ‘ಡ್ಯೂಟಿ-ಫ್ರೀ ಶಾಪ್’ನಲ್ಲೂ ಅಷ್ಟೇ. ಓಲ್ಡ್-ಫ್ಯಾಷನ್ಡ್, ಬ್ಯಾಡ್-ಟೆಂಪರ್ಡ್ ಇದೇ ಗುಂಪಿನವು. ಸಮಾಸವೇ ಅಲ್ಲದ ‘ಥರ್ಟೀನ್’ ಕೂಡ ‘ಥರ್ಟೀನ್ ಬುಕ್ಸ್’ ಎಂದಾಗ ಒತ್ತನ್ನು ‘ಥರ್’ಗೆ ಬಿಟ್ಟುಕೊಡುತ್ತದೆ.

ಎಲ್ಲ ಸಮಸ್ತ ಗುಣವಾಚಕಗಳೂ ಹೀಗಲ್ಲ. ಹಾರ್ಟ್‌ಬ್ರೇಕಿಂಗ್, ಲಾ-ಅಬೈಡಿಂಗ್, ಹೋಮ್‌ಸಿಕ್, ವಾಟರ್‌ಪ್ರೂಫ್: ಇವು ವಾಕ್ಯದಲ್ಲಿ ಎಲ್ಲಿ ಬಂದರೂ ಒತ್ತು ಮೊದಲ ಭಾಗದ ಮೇಲೇ.

ಕನ್ನಡದಲ್ಲಿ ‘ಬಳೆ’ ‘ಬಾಳೆ’ಯಾದರೆ ಅರ್ಥ ಕೆಡುತ್ತದೆ, ಒತ್ತು ಆಚೀಚೆ ಆದರೆ ಏನೂ ಕೆಡುವುದಿಲ್ಲ. ಹಾಗಾಗಿ ನಮ್ಮ ಮಕ್ಕಳ ಕಿವಿ ಅದನ್ನು ಗಮನಿಸುವುದೇ ಇಲ್ಲ. ಬಿಡಿ ಪದಗಳ ಪಟ್ಟಿ ಕೊಡಬೇಡಿ. ಇಡೀ ಪದಗುಚ್ಛ ಹೇಳಿಸಿ, ಒತ್ತು ಬಿದ್ದಲ್ಲಿ ಮೇಜು ತಟ್ಟಿಸಿ.

ಪ್ರಶ್ನೆ: ‘ಬ್ಲೂ-ಐಡ್’ ಎರಡೇ ಉಚ್ಚಾರಾಂಶ, ‘ಕೈಂಡ್-ಹಾರ್ಟೆಡ್’ ಮೂರು. ಕೊನೆಯ ‘-ed’ ಪ್ರತ್ಯಯ ಒಂದೇ ಅಲ್ಲವೇ? ‘ಐ’ ಇಲ್ಲಿ ಕ್ರಿಯಾಪದವೇ?
– ಪದವಿ ವಿದ್ಯಾರ್ಥಿ, ಸಿರಸಿ

ಉತ್ತರ: ಪ್ರತ್ಯಯ ಒಂದೇ. ಪದ ‘ಟ್’ ಅಥವಾ ‘ಡ್’ ಧ್ವನಿಯಲ್ಲಿ ಮುಗಿದರೆ ಪ್ರತ್ಯಯಕ್ಕೆ ಸ್ವರದ ಆಸರೆ ಬೇಕು. ಆಗ ಒಂದು ಉಚ್ಚಾರಾಂಶ ಹೆಚ್ಚುತ್ತದೆ: ಹಾರ್ಟೆಡ್, ಹ್ಯಾಂಡೆಡ್. ಉಳಿದೆಡೆ ಪ್ರತ್ಯಯ ಹಿಂದಿನ ಧ್ವನಿಗೆ ಅಂಟಿಕೊಳ್ಳುತ್ತದೆ. ‘ತ್ರೀ-ಲೆಗ್ಡ್’ ಮಾತ್ರ ‘ಲೆಗಿಡ್’ ಎಂದೂ ಕೇಳಿಸುತ್ತದೆ, ಎರಡೂ ಒಪ್ಪಿತ.

‘ಐ’ ಇಲ್ಲಿ ನಾಮಪದವೇ. ಹುಡುಗಿಗೆ ಕಣ್ಣಿದೆ ಎಂದಷ್ಟೇ ಹೇಳಲು ‘ಐಡ್ ಗರ್ಲ್’ ಎಂದು ಯಾರೂ ಅನ್ನುವುದಿಲ್ಲ. ಮೊದಲು ‘ಬ್ಲೂ ಐ’ ಒಂದಾಗುತ್ತದೆ, ಆಮೇಲೆ ಆ ಇಡೀ ಜೋಡಿಗೆ ‘ಉಳ್ಳ’ ಎಂಬ ಅರ್ಥದ ಪ್ರತ್ಯಯ ಹತ್ತುತ್ತದೆ. ಶಾಲೆಯಲ್ಲಿ ‘ಮೂರು ಕಣ್ಣು ಉಳ್ಳವನು ಯಾರೋ ಅವನು ಮುಕ್ಕಣ್ಣ’ ಎಂದು ಬಹುವ್ರೀಹಿ ಬಿಡಿಸಿದ್ದೀರಲ್ಲ, ‘ಬ್ಲೂ-ಐಡ್’ ಅನ್ನೂ ಹಾಗೆಯೇ ಬಿಡಿಸಿ ನೋಡಿ.